ಕಂಪನಿ ಮಾಲು

ಏನನ್ನೇ ಕೊಳ್ಳಲಿ, "ಇದು ಒರಿಜಿನಲ್ಲಾ?" ಎಂದು ಕೇಳುವುದು ನನಗೆ ಅಂಟಿಕೊಂಡ ಚಟ. ಕುಕ್ಕರಿನ ಗ್ಯಾಸ್ಕೆಟ್ಟು, ಗಡಿಯಾರದ ಸೆಲ್ಲು, ಮಿಕ್ಸಿಯ ಜಾರು ಇಂಥವಕ್ಕೆ ಕೇಳಿದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಆದರೆ ಒಮ್ಮೆ ಹಾಸನದ ಮಾರ್ಕೆಟ್ಟಿನಲ್ಲಿ ಕೊತ್ತಂಬರಿ ಸೊಪ್ಪಿನ ಕಟ್ಟು ಎತ್ತಿಕೊಂಡು ಅದೇ ಪ್ರಶ್ನೆ ಕೇಳಿಬಿಟ್ಟೆ. ಸೊಪ್ಪಿನವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇಲ್ಲ ಕಣವ್ವ, ನಾನೇ ಕತ್ರಿ ತಗಂಡು ಕತ್ತರ್ಸಿ ಅಸ್ರು ಬಣ್ಣ ಬಳ್ದಿದ್ದು" ಎಂದಳು. ಪಕ್ಕದ ಟೊಮೇಟೊದವನು ಇನ್ನೂ ನಗುತ್ತಿದ್ದಾನೇನೋ. ಮನೆಗೆ ಬಂದು ಹೇಳಿದರೆ ನನ್ನ ಯಜಮಾನರು, "ಮದುವೆಗೆ ಮುಂಚೆ ನನ್ನನ್ನೂ ಹಾಗೇ ಒಂದು ಸಲ ಕೇಳಬೇಕಾಗಿತ್ತು, ಇಬ್ಬರಿಗೂ ಅನುಕೂಲ ಆಗ್ತಿತ್ತು" ಎಂದರು.

ನಗುವವರು ನಗಲಿ. ಈ ಚಟ ಎಲ್ಲಿಂದ ಬಂತು ಎಂದು ಕೇಳಿದವರು ಕಡಿಮೆ. ನೀವು ಕೇಳದಿದ್ದರೂ ಹೇಳುತ್ತೇನೆ.

ಹೊಳೆನರಸೀಪುರದ ದೇವಸ್ಥಾನದ ಬೀದಿಯಲ್ಲಿ ನಮ್ಮ ಮನೆ. ತಾತನ ಕಾಲದಿಂದಲೂ ಪೂಜೆ, ಪೌರೋಹಿತ್ಯ. ಅಪ್ಪ ಅದರ ಜೊತೆಗೆ ಮೇಷ್ಟ್ರ ಕೆಲಸ ಹಿಡಿದ. ಅಪ್ಪನ ತಮ್ಮ ಶ್ರೀಪತಿ ಚಿಕ್ಕಪ್ಪ ಮಾತ್ರ ಎರಡಕ್ಕೂ ಕೈಮುಗಿದು, ಯಾರೋ ಓಡಿಸಿ ಬಿಟ್ಟ ಅಂಬಾಸಿಡರ್ ಕಾರೊಂದನ್ನು ಕೊಂಡು ಬಾಡಿಗೆಗೆ ಬಿಟ್ಟ. "ಗಂಟೆ ಹಿಡಿಯೋ ಕೈಗೆ ಗ್ರೀಸು ಮೆತ್ಕೊಂಡ" ಎಂದು ಅಜ್ಜಿ ಸಾಯುವವರೆಗೂ ಕೊರಗಿದಳು. ಆದರೆ ಅದೇ ಅಜ್ಜಿ, ಸಂಬಂಧಿಕರ ಮನೆಯ ಶುಭಕಾರ್ಯಕ್ಕೆ ಹೊರಟಾಗ ಎಲ್ಲರಿಗಿಂತ ಮೊದಲು ಹಿಂದಿನ ಸೀಟಿನಲ್ಲಿ ಕಾಲು ಮಡಿಸಿ ಕೂತು, ಮಡಿ ಸೆರಗನ್ನು ಯಾರಿಗೂ ತಾಗದಂತೆ ಸುತ್ತಿಕೊಂಡಿರುತ್ತಿದ್ದಳು.

ಆ ಕಾರಿನೊಳಗಿನ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಪೆಟ್ರೋಲು, ಊದುಬತ್ತಿ, ಬಿಸಿಲಿಗೆ ಕಾದ ಸೀಟಿನ ರೆಕ್ಸಿನ್ನು, ಚಿಕ್ಕಮ್ಮನ ಮಡಿಲಿನ ಡಬ್ಬಿಯ ಕೋಡುಬಳೆ. ಬೇಸಿಗೆ ರಜೆಯಲ್ಲಿ ನಾವು ಮಕ್ಕಳೆಲ್ಲ ಹಪ್ಪಳದ ಕಟ್ಟಿನ ಹಾಗೆ ಒಬ್ಬರ ಮೇಲೊಬ್ಬರು. ಮುಂದಿನ ಸೀಟಿನಲ್ಲಿ ರತ್ನ ಚಿಕ್ಕಮ್ಮ. ಅವಳದು ಅರಕಲಗೂಡು ಕಡೆಯ ಮಲ್ಲಿಪಟ್ಟಣ. ಅವರಿಗೆ ಮಕ್ಕಳಿರಲಿಲ್ಲ, ಬಾಡಿಗೆಯವರು ಒಪ್ಪಿದರೆ, ಸೀಟು ಖಾಲಿಯಿದ್ದರೆ, ಚಿಕ್ಕಮ್ಮನೂ ಹೊರಟುಬಿಡುತ್ತಿದ್ದಳು. "ನಾನೇನು ಕಾರಿಗೋಸ್ಕರ ಬರಲ್ಲಮ್ಮ, ಕಾರು ಓಡಿಸೋವಾಗ ಮಾತ್ರ ಇವರ ಮುಖದಲ್ಲಿ ನಗು ಇರುತ್ತೆ. ಅದನ್ನ ನೋಡೋಕೆ ಬರ್ತೀನಿ" ಎನ್ನುತ್ತಿದ್ದಳು.

ಚಿಕ್ಕಪ್ಪನಿಗೆ ಎರಡು ಹೆಮ್ಮೆಗಳಿದ್ದವು. ಒಂದು, ಇಂಜಿನ್ ಇಳಿಸುವಂಥ ಕೆಲಸ ಬಿಟ್ಟರೆ ಮಿಕ್ಕ ರಿಪೇರಿಯನ್ನೆಲ್ಲ ತಾನೇ ಮಾಡುತ್ತೇನೆ ಎಂಬುದು. ಇನ್ನೊಂದು, ತನ್ನ ಕಾರಿಗೆ ಕಂಪನಿ ಮಾಲು ಬಿಟ್ಟು ಬೇರೆಯದನ್ನು ಹಾಕುವುದಿಲ್ಲ ಎಂಬುದು. ಕಂಪನಿ ಮಾಲು ಅಂದರೆ ಅಸಲಿ ಬಿಡಿಭಾಗ. ಆಗ ಎಲ್ಲದಕ್ಕೂ ನಕಲಿ ಬರುತ್ತಿದ್ದ ಕಾಲ. ಅಸಲಿ ಪೆಟ್ಟಿಗೆಯಲ್ಲೇ ನಕಲಿ ಮಾಲು ತುಂಬಿ ಕಳಿಸುವವರಿದ್ದರು. ಆದ್ದರಿಂದ ಚಿಕ್ಕಪ್ಪ ಹಾಸನದ ಅಂಗಡಿಗಳನ್ನೆಲ್ಲ ಬಿಟ್ಟು ಚನ್ನರಾಯಪಟ್ಟಣಕ್ಕೆ ಹೋಗುತ್ತಿದ್ದ. ಅಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರದ ಸಾಲಿನಲ್ಲಿ ಜಯಣ್ಣನ ಆಟೋ ಸ್ಪೇರ್ಸ್ ಅಂಗಡಿ. ಜಯಣ್ಣ ಒಕ್ಕಲು ಮನೆತನದವನು. ಜಮೀನು ಅಣ್ಣನಿಗೆ ಬಿಟ್ಟು ಅಂಗಡಿ ಇಟ್ಟಿದ್ದ. "ಅಗ್ಗದ್ ಬೇಕಾದ್ರೆ ಪಕ್ಕದಂಗ್ಡಿಗೋಗಿ ಸ್ವಾಮಿ. ನನ್ ತಾವ ಇರೋದು ಇದೇಯ" ಎನ್ನುತ್ತಿದ್ದ. ಆ ಮಾತಿಗೆ ಚಿಕ್ಕಪ್ಪ ಮರುಳಾಗಿದ್ದ.

ನಾನು ಹಾಸನದಲ್ಲಿ ಬಿ.ಎಡ್. ಓದುತ್ತಿದ್ದಾಗ ಆ ಸುದ್ದಿ ಬಂತು. ಮಲ್ಲಿಪಟ್ಟಣದಲ್ಲಿ ಚಿಕ್ಕಮ್ಮನ ತಮ್ಮನ ಮಗುವಿಗೆ ನಾಮಕರಣ. ಮಧ್ಯಾಹ್ನ ಊಟ ಮುಗಿಸಿ ಗಂಡ ಹೆಂಡತಿ ಇಬ್ಬರೇ ಊರಿಗೆ ವಾಪಸು ಹೊರಟಿದ್ದಾರೆ. ಅರಕಲಗೂಡು ದಾಟಿ ಒಂದು ಕೆರೆ ಏರಿಗೆ ಇಳಿಯುವ ಕಡೆ ಎದುರಿಗೆ ಎತ್ತಿನಗಾಡಿ. ಚಿಕ್ಕಪ್ಪ ಬ್ರೇಕ್ ಒತ್ತಿದರೆ ಪೆಡಲು ನೆಲಕ್ಕೆ ಹೋಗಿ ಕೂತಿದೆ. ಗಾಡಿಯನ್ನು ತಪ್ಪಿಸಲು ಎಡಕ್ಕೆ ಎಳೆದ. ಎಡಕ್ಕೆ ಹುಣಸೆ ಮರವಿತ್ತು. ಎಡಗಡೆ ಚಿಕ್ಕಮ್ಮ ಕೂತಿದ್ದಳು.

ಹಾಸನದ ಆಸ್ಪತ್ರೆ ತಲುಪುವ ಮೊದಲೇ ಅವಳು ಹೋಗಿಬಿಟ್ಟಿದ್ದಳು. ನಾನು ಹಾಸ್ಟೆಲಿನಿಂದ ಓಡಿದಾಗ ಚಿಕ್ಕಪ್ಪ ಶವಾಗಾರದ ಮುಂದೆ ಮೆಟ್ಟಿಲ ಮೇಲೆ ಕೂತಿದ್ದ. ಅವನ ಹಣೆಗೆ ಕಟ್ಟಿದ್ದ ಬಟ್ಟೆ ಕೆಂಪಾಗಿತ್ತು. ನನ್ನನ್ನು ನೋಡಿದವನು, "ಊಟಕ್ಕೆ ಚಿರೋಟಿ ಮಾಡಿದ್ದರು. ನಿನಗೆ ಅಂತ ಕಟ್ಟಿಸಿಕೊಂಡಿದ್ದಳು" ಎಂದ.

ಕಾರನ್ನು ಪರೀಕ್ಷೆ ಮಾಡಿದವರು, ಮುಂದಿನ ಚಕ್ರಕ್ಕೆ ಬ್ರೇಕ್ ಆಯಿಲ್ ಒಯ್ಯುವ ರಬ್ಬರ್ ಹೋಸ್ ಒಡೆದಿದೆ ಎಂದರು. ಆ ಕಾರಿನಲ್ಲಿ ಒಂದು ಹೋಸ್ ಒಡೆದರೆ ನಾಲ್ಕು ಚಕ್ರದ ಬ್ರೇಕೂ ಹೋದ ಹಾಗೆ. ಆ ಹೋಸನ್ನು ಚಿಕ್ಕಪ್ಪ ಜಯಣ್ಣನ ಅಂಗಡಿಯಲ್ಲಿ ಕೊಂಡು ತಂದು ಹಾಕಿ ಇನ್ನೂ ಬಹಳ ದಿನವಾಗಿರಲಿಲ್ಲ. ಹೊಸದು ಒಡೆಯಬೇಕಾದರೆ ಅದು ನಕಲಿಯೇ ಇರಬೇಕು. ಹಾಗೆಂದು ಚಿಕ್ಕಪ್ಪ ತೀರ್ಮಾನಿಸಿದ, ನಾವೂ ಒಪ್ಪಿದೆವು. ಬೇರೆ ಏನೆಂದು ಯೋಚಿಸುವ ಸ್ಥಿತಿಯಲ್ಲಿ ಯಾರಿದ್ದೆವು?

ವೈಕುಂಠ ಸಮಾರಾಧನೆ ಮುಗಿದ ಮಾರನೆಯ ಬೆಳಿಗ್ಗೆ ಚಿಕ್ಕಪ್ಪ ಯಾರಿಗೂ ಹೇಳದೆ ಚನ್ನರಾಯಪಟ್ಟಣದ ಬಸ್ಸು ಹತ್ತಿದ. ಗೊತ್ತಾಗಿ ಅಪ್ಪ ಮತ್ತು ನಾನು ಹಿಂದೆಯೇ ಬಂದ ಬಸ್ಸಿನಲ್ಲಿ ಹೋದೆವು. ನಾವು ತಲುಪಿದಾಗ ಅಂಗಡಿ ಮುಂದೆ ಜನ ಸೇರಿತ್ತು. ಬೋಳಿಸಿದ ತಲೆ, ಹಣೆಯ ಮೇಲೆ ಹೊಲಿಗೆ. ಚಿಕ್ಕಪ್ಪ ರಸ್ತೆ ಮಧ್ಯೆ ನಿಂತು ಕೂಗುತ್ತಿದ್ದ. "ಡೂಪ್ಲಿಕೇಟ್ ಮಾಲು ಕೊಟ್ಟು ನನ್ನ ಹೆಂಡತೀನ ಕೊಂದ! ಕೇಳ್ರಪ್ಪಾ, ಇವನ ಅಂಗಡಿಗೆ ಕಾಲಿಟ್ಟರೆ ನಾಳೆ ನಿಮ್ಮ ಹೆಂಡತಿ ಮಕ್ಕಳು!" ಮಂತ್ರ ಹೇಳಿ ಪಳಗಿದ ಮನೆತನದ ಗಂಟಲು, ಬಸ್ ಸ್ಟ್ಯಾಂಡಿನವರೆಗೂ ಕೇಳುತ್ತಿತ್ತು. ಜಯಣ್ಣ ಗಲ್ಲಾದ ಗಾಜಿನ ಮೇಲೆ ಎರಡೂ ಅಂಗೈ ಊರಿಕೊಂಡು ನಿಂತಿದ್ದ. ಒಂದು ಮಾತೂ ಎದುರಾಡಲಿಲ್ಲ. ಎದುರಾಡದಿದ್ದುದೇ ಅವನ ತಪ್ಪಿಗೆ ಸಾಕ್ಷಿ ಎಂದು ಆವತ್ತು ನನಗೂ ಅನ್ನಿಸಿತು.

ಅಪ್ಪ ಚಿಕ್ಕಪ್ಪನನ್ನು ತಬ್ಬಿ ಹಿಡಿದು ಕರೆದುಕೊಂಡು ಬಂದ. ಆದರೆ ಕೂಗಿದ್ದು ವಾಪಸು ಬರಲಿಲ್ಲ. ಚಿಕ್ಕಪ್ಪ ಹಾಸನದ, ಅರಕಲಗೂಡಿನ, ಹೊಳೆನರಸೀಪುರದ ಟ್ಯಾಕ್ಸಿಯವರಿಗೆಲ್ಲ ಹೇಳಿದ. ಹೆಂಡತಿ ಕಳಕೊಂಡವನ ಮಾತನ್ನು ಯಾರು ಅನುಮಾನಿಸುತ್ತಾರೆ? ಜಯಣ್ಣನ ಅಂಗಡಿಗೆ ಗಿರಾಕಿ ಬರುವುದು ನಿಂತಿತು. ಬೋರ್ಡಿನ ಮೇಲೆ ಯಾರೋ ಸಗಣಿ ಎರಚಿದರು ಎಂದು ಕೇಳಿದೆವು. ಒಂದು ದಿನ ಅಂಗಡಿ ಮುಚ್ಚಿತು, ಅವನು ಹೆಂಡತಿಯ ಊರ ಕಡೆ ಹೋದನೆಂಬ ಸುದ್ದಿ ಬಂತು. ಚಿಕ್ಕಪ್ಪ ತಟ್ಟೆಯಿಂದ ತಲೆ ಎತ್ತದೆ, "ಆಗಲಿ" ಎಂದ.

ಕಾರು ಹಿತ್ತಲಲ್ಲಿ ತಗಡಿನ ಚಪ್ಪರದ ಕೆಳಗೆ ನಿಂತಿತು. ಎಷ್ಟೋ ಜನ ಕೇಳಿದರು, ಅವನು ಮಾರಲಿಲ್ಲ. ಒಡೆದ ಹೋಸನ್ನು ಎಣ್ಣೆ ಕೆಸರು ಮೆತ್ತಿದ್ದ ಹಾಗೆಯೇ ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದ. ಅದನ್ನು ಒರೆಸಲೂ ಬಿಡುತ್ತಿರಲಿಲ್ಲ. "ಸಾಕ್ಷಿ" ಎನ್ನುತ್ತಿದ್ದ. ಬಾಡಿಗೆ ಬಿಟ್ಟು, ದೇವಸ್ಥಾನದಲ್ಲಿ ಅಪ್ಪನಿಗೆ ನೆರವಾಗತೊಡಗಿದ. ಅಜ್ಜಿ ಬದುಕಿದ್ದಿದ್ದರೆ ಮಗನ ಕೈಗೆ ಗಂಟೆ ಬಂತೆಂದು ಸಂತೋಷಪಡುತ್ತಿದ್ದಳೋ ಅಳುತ್ತಿದ್ದಳೋ, ನಾ ಕಾಣೆ.

ವರ್ಷಗಳು ಕಳೆದವು. ನಾನು ಹಾಸನದಲ್ಲಿ ಮೇಷ್ಟ್ರಾದೆ. ಮೇಡಂ ಅನ್ನಬೇಕೇನೋ, ಆದರೆ ನಮ್ಮ ಮನೆಯಲ್ಲಿ ಆ ಕೆಲಸಕ್ಕೆ ಅದೊಂದೇ ಹೆಸರು. ಹಾಸನದ ತುಂಬ ನೆಟ್ ಸೆಂಟರುಗಳು ಎದ್ದಿದ್ದ ಕಾಲ ಅದು. ಶಾಲೆಯಿಂದ ನನ್ನನ್ನೂ ಕಂಪ್ಯೂಟರ್ ತರಬೇತಿಗೆ ಕಳಿಸಿದ್ದರು. ಒಂದೇ ಬೆರಳಿನಲ್ಲಿ, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ, ಅಕ್ಷರ ಹುಡುಕಿ ಹುಡುಕಿ ಒತ್ತುತ್ತಿದ್ದೆ. ಆದರೂ ಹೊಳೆನರಸೀಪುರಕ್ಕೆ ಹೋದಾಗ "ನೆಟ್ಟಿನಲ್ಲಿ ಸಿಗದೇ ಇರೋದು ಯಾವುದೂ ಇಲ್ಲ" ಎಂದು ಜಂಬ ಕೊಚ್ಚಿಕೊಳ್ಳದೆ ಇರುತ್ತಿರಲಿಲ್ಲ.

ಆ ವರ್ಷ ಚಿಕ್ಕಮ್ಮನ ತಿಥಿಗೆ ಅವಳ ತಮ್ಮ ಮಲ್ಲಿಪಟ್ಟಣದಿಂದ ಬಂದಿದ್ದ. ಊಟವಾದ ಮೇಲೆ ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಯಾವುದೋ ಮಾತಿಗೆ, "ಅಲ್ಲ ಭಾವ, ಅದು ಡೂಪ್ಲಿಕೇಟೇ ಅಂತ ನಿಮಗೆ ಹೇಗೆ ಗೊತ್ತಾಯ್ತು? ಅಸಲಿ ಇಟ್ಟುಕೊಂಡು ನೋಡಿದ್ರಾ?" ಎಂದುಬಿಟ್ಟ. ಕೊಂಕಿನಿಂದ ಕೇಳಿದ್ದಲ್ಲ, ಸುಮ್ಮನೆ ಕೇಳಿದ್ದು. ಚಿಕ್ಕಪ್ಪ ಎದ್ದು ಒಳಗೆ ಹೋದ. ನಾನು ಬಸ್ಸಿಗೆ ಹೊರಡುವ ಹೊತ್ತಿಗೆ ಹೊರಗೆ ಬಂದು, "ಆ ಹೋಸ್ ಒಂದು ಹುಡುಕಿ ಕೊಡು ಪುಟ್ಟಿ. ಕಂಪನಿದೇ ಆಗಬೇಕು. ಕಾರಿಗೆ ಹಾಕೋಕಲ್ಲ. ಪಕ್ಕದಲ್ಲಿಟ್ಟು ಎಲ್ಲರಿಗೂ ತೋರಿಸ್ತೀನಿ" ಎಂದ.

ಅಲ್ಲಿಂದ ಶುರುವಾಯಿತು ನನ್ನ ಹುಡುಕಾಟ. ಶಾಲೆ ಬಿಟ್ಟ ಮೇಲೆ ನೆಟ್ ಸೆಂಟರಿನ ಪ್ಲೈವುಡ್ ಗೂಡಿನೊಳಗೆ ಕೂರುತ್ತಿದ್ದೆ. ಆ ಹಳೆಯ ಮಾದರಿಯ ಬಿಡಿಭಾಗ ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ. ನೆಟ್ಟಿನಲ್ಲಿ ಬೇಕಾದಷ್ಟಿದ್ದವು, ಆದರೆ ಎಲ್ಲರೂ 'ಅಸಲಿ' ಎಂದೇ ಬರೆದುಕೊಂಡಿದ್ದರು. ಒಂದೊಂದು ಫೋಟೋವೂ ಮೇಲಿಂದ ಕೆಳಕ್ಕೆ ಎಳೆ ಎಳೆಯಾಗಿ ಇಳಿಯುತ್ತಿತ್ತು, ಗರ್ಭಗುಡಿಯ ತೆರೆಯನ್ನು ಯಾರೋ ಸೋಮಾರಿ ಅರ್ಚಕ ಸರಿಸಿದ ಹಾಗೆ. ಕಾಯುತ್ತ ಕಾಯುತ್ತ ನಾನೂ ಕೆಲವು ವಿದ್ಯೆ ಕಲಿತೆ. 'ಅಸಲಿಗೆ ಸಮಾನ' ಎಂದು ಬರೆದಿದ್ದರೆ ಅದು ಅಸಲಿಯಲ್ಲ. ಪೆಟ್ಟಿಗೆಯ ಫೋಟೋ ಮಾತ್ರ ಹಾಕಿ ಒಳಗಿನದನ್ನು ತೋರಿಸದವನ ಹತ್ತಿರ ಹೋಗಬಾರದು. ಭಾಗದ ನಂಬರ್ ಕೇಳಿದರೆ ಉತ್ತರಿಸದೆ ಬೆಲೆ ಇಳಿಸುವವನ ಹತ್ತಿರವಂತೂ ಹೋಗಲೇಬಾರದು. ಮುಚ್ಚಿಹೋದ ಡೀಲರುಗಳ ಉಳಿದ ಮಾಲನ್ನು ಮಾರುವವರಿದ್ದಾರಲ್ಲ, ಅಲ್ಲಿ ಸಿಗುತ್ತದೆ ಒಳ್ಳೆಯ ಮಾಲು, ಅದೂ ಅಂಗಡಿಯ ದರಕ್ಕಿಂತ ಎಷ್ಟೋ ಕಡಿಮೆಗೆ. ನನಗೆ ಕಾರು ಓಡಿಸಲು ಇವತ್ತಿಗೂ ಬರುವುದಿಲ್ಲ. ಆದರೆ ಆ ದಿನಗಳಲ್ಲಿ ಸಹೋದ್ಯೋಗಿಗಳ ಕಾರುಗಳಿಗೆ ಹೆಡ್‌ಲೈಟು, ಕನ್ನಡಿ, ಬಾಗಿಲ ಹಿಡಿಗಳನ್ನೆಲ್ಲ ಅರ್ಧ ಬೆಲೆಗೆ ತರಿಸಿಕೊಟ್ಟು ಸ್ಟಾಫ್ ರೂಮಿನಲ್ಲಿ ಮೆರೆದೆ. ಈ ಖುಷಿಯ ಮಧ್ಯೆ, ನಾನು ಯಾಕೆ ಹುಡುಕಲು ಕೂತೆ ಎಂಬುದು ಒಮ್ಮೊಮ್ಮೆ ಮರೆತೇಹೋಗುತ್ತಿತ್ತು.

ಹೋಸ್ ತಯಾರಿಸುವ ಕಂಪನಿಯದೇ ಒಂದು ಪುಟ ಸಿಕ್ಕಿತು. ಅಸಲಿಯನ್ನು ಗುರುತಿಸುವುದು ಹೇಗೆಂದು ಅದರಲ್ಲಿ ಚಿತ್ರ ಸಮೇತ ಇತ್ತು. ತುದಿಯ ಲೋಹದ ಮೇಲೆ ಅಕ್ಷರಗಳನ್ನು ಅಚ್ಚೊತ್ತಿರುತ್ತಾರೆ. ನಕಲಿಯಲ್ಲಿ ಬರಿ ಮುದ್ರಿಸಿರುತ್ತಾರೆ. ಅಸಲಿ ರಬ್ಬರಿನ ಉದ್ದಕ್ಕೂ ಸೀಮೆಎಣ್ಣೆಗೂ ಅಳಿಸದ ಒಂದು ಬಿಳಿ ಗೆರೆ ಇರುತ್ತದೆ. ಪ್ರಿಂಟ್ ತೆಗೆಸಿಕೊಂಡೆ. ಕೊನೆಗೆ ಕೊಯಮತ್ತೂರಿನವರೊಬ್ಬರ ಹತ್ತಿರ ಮೊಹರು ಒಡೆಯದ ಹೋಸ್ ಇತ್ತು. ಕೇಳಿದ್ದಕ್ಕೆಲ್ಲ ಫೋಟೋ ತೆಗೆದು ಕಳಿಸಿದರು. ತರಿಸಿಕೊಂಡು ಒಂದು ಭಾನುವಾರ ಬೆಳಿಗ್ಗೆ ಹೊಳೆನರಸೀಪುರಕ್ಕೆ ಒಯ್ದೆ.

ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಚಿಕ್ಕಪ್ಪ ಹಳೆಯ ಪಂಚೆ ಹಾಸಿದ. ಹೊಸದನ್ನು ಬಿಚ್ಚಿ ಇಟ್ಟ. ಅಟ್ಟದಿಂದ ಹಳೆಯದನ್ನು ತಂದ. "ಈಗ ನೋಡು" ಎಂದು ಅದಕ್ಕೆ ಸೀಮೆಎಣ್ಣೆ ಸುರಿದು, ಇಷ್ಟು ವರ್ಷ ಯಾರನ್ನೂ ಮುಟ್ಟಲು ಬಿಡದ ಕೆಸರನ್ನು ತಾನೇ ಉಜ್ಜತೊಡಗಿದ. ಮೊದಲು ತುದಿಯ ಲೋಹ ಹೊಳೆಯಿತು. ಅದರ ಮೇಲೆ ಅಕ್ಷರಗಳಿದ್ದವು. ಚಿಕ್ಕಪ್ಪ ಹೆಬ್ಬೆರಳಿನಿಂದ ಸವರಿದ. ಅಚ್ಚೊತ್ತಿದ ಅಕ್ಷರಗಳು.

ಅವನು ಇನ್ನೂ ಜೋರಾಗಿ ಉಜ್ಜಿದ. ಬಿಳಿ ಗೆರೆ ಕಂಡಿತು. ಹೊಸ ಹೋಸಿನಲ್ಲಿ ಅದು ಈ ತುದಿಯಿಂದ ಆ ತುದಿಗೆ ನೇರವಾಗಿತ್ತು. ಹಳೆಯದರಲ್ಲಿ ಕಂಬಕ್ಕೆ ಬಳ್ಳಿ ಹಬ್ಬಿದ ಹಾಗೆ ಸುತ್ತಿಕೊಂಡು ಹೋಗಿತ್ತು. ಒಡೆದಿದ್ದ ಜಾಗದ ಸುತ್ತ ರಬ್ಬರು ಸವೆದು ಚಪ್ಪಟೆಯಾಗಿ ನುಣುಪಾಗಿತ್ತು.

"ಈ ಗೆರೆ ಯಾತಕ್ಕಂತೆ?" ಎಂದ ಚಿಕ್ಕಪ್ಪ. ದನಿ ಬಹಳ ಸಣ್ಣದಾಗಿತ್ತು.

ಹೊಸ ಹೋಸಿನ ಜೊತೆಗೆ ಬಂದ ಚೀಟಿಯಲ್ಲಿ ಅದನ್ನೇ ಬರೆದಿತ್ತು. ಓದಿ ಹೇಳುವುದೋ ಬೇಡವೋ ಎಂದು ಒಂದು ಕ್ಷಣ ಒದ್ದಾಡಿದೆ. ಹೇಳಿದೆ. "ಕೂರಿಸುವಾಗ ಹೋಸ್ ತಿರುಚಿಕೊಂಡಿದೆಯೋ ಇಲ್ಲವೋ ತಿಳಿಯೋಕಂತೆ. ತಿರುಚಿದ್ದರೆ ತಿರುವಿನಲ್ಲಿ ಚಕ್ರ ಹೊರಳಿದಾಗ ಟೈರಿಗೆ ತಗುಲಿ ಸವೆಯುತ್ತಂತೆ."

ಆ ಹೋಸ್ ಕೂರಿಸಿದ್ದು ಯಾರು ಎಂದು ನಾನು ಕೇಳಬೇಕಾಗಿರಲಿಲ್ಲ. ಚಿಕ್ಕಪ್ಪ ಎರಡನ್ನೂ ಪಂಚೆಯಲ್ಲಿ ಸುತ್ತಿದ. ಬಾವಿಕಟ್ಟೆಗೆ ಹೋಗಿ ಕೈ ತೊಳೆದ. ತೊಳೆದ ಕೈಯನ್ನು ಮತ್ತೆ ತೊಳೆದ. ಮಧ್ಯಾಹ್ನ ಅವನು ಊಟಕ್ಕೆ ಏಳಲಿಲ್ಲ. ಸಾಯಂಕಾಲ ದೀಪ ಹಚ್ಚುವ ಹೊತ್ತಿಗೆ ಬಂದು, "ಜಯಣ್ಣ ಎಲ್ಲಿದ್ದಾನೋ ವಿಚಾರಿಸು" ಎಂದ.

ಜಯಣ್ಣ ದುದ್ದದ ಹತ್ತಿರ ಒಂದು ಹಳ್ಳಿಯಲ್ಲಿದ್ದ. ಹೆಂಡತಿಯ ತವರು. ಡೈರಿಯಲ್ಲಿ ಹಾಲು ಅಳೆಯುವ ಕೆಲಸ. ಚಿಕ್ಕಪ್ಪ ಮತ್ತು ನಾನು ಹುಡುಕಿಕೊಂಡು ಹೋದಾಗ ಮನೆ ಮುಂದಿನ ಕಲ್ಲುಚಪ್ಪಡಿಯ ಮೇಲೆ ಕೂತಿದ್ದ. ತಲೆ ಪೂರ್ತಿ ನೆರೆತಿತ್ತು. ನಮ್ಮನ್ನು ಕಂಡ ಕೂಡಲೇ ಗುರುತು ಹಿಡಿದು ಎದ್ದು ನಿಂತ. ಆವತ್ತು ಗಾಜಿನ ಮೇಲೆ ಊರಿದ್ದ ಕೈಗಳು ಈಗ ಊರಲು ಏನೂ ಸಿಗದೆ ಟವೆಲನ್ನು ಹಿಂಡುತ್ತಿದ್ದವು.

"ಬನ್ನಿ ಸ್ವಾಮಿ" ಎಂದ. "ಒಂದಲ್ಲ ಒಂದಿನ ಬತ್ತೀರಿ ಅಂತ ಗೊತ್ತಿತ್ತು ಬುಡಿ. ಒಡೀಬೇಕು ಅಂದ್ರೆ ಒಡೀರಿ."

ಚಿಕ್ಕಪ್ಪನ ಕೈಯಲ್ಲಿದ್ದ ಗಂಟಿನೊಳಗೆ ಹೊಡೆಯಲು ಏನೋ ತಂದಿದ್ದಾನೆ ಎಂದು ಅವನು ಅಂದುಕೊಂಡಿದ್ದ. ಚಿಕ್ಕಪ್ಪ ಬಿಚ್ಚಿ ತೋರಿಸಿದ. ತೊದಲುತ್ತ ಹೇಳಿದ. "ನೀನು ಕೊಟ್ಟಿದ್ದು ಕಂಪನಿದೇ ಜಯಣ್ಣ. ನಾನು ತಿರುಚಿ ಹಾಕಿದ್ದೆ. ತಪ್ಪು ನಂದು."

ಜಯಣ್ಣ ಹಳೆಯ ಹೋಸನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದ. ಅಕ್ಷರಗಳನ್ನು ಸವರಿದ. "ಅಂಗಾರೆ ಇದು ಅಸಲೀದೇಯಾ?" ಎಂದ. ಚಿಕ್ಕಪ್ಪ ತಲೆಯಾಡಿಸಿದ. "ನಿಜವಾಗ್ಲೂವೇ?" ಎಂದು ನನ್ನ ಕಡೆ ತಿರುಗಿದ. ನಾನೂ ತಲೆಯಾಡಿಸಿದೆ.

ಅವನು ಚಪ್ಪಡಿಯ ಮೇಲೆ ಕುಸಿದು ಕೂತ. "ನಾನೂ ಬೆಂಗ್ಳೂರಿಂದ ತತ್ತಿದ್ದೆ ಕಣವ್ವ. ಓಲ್‌ಸೇಲ್‌ನವ್ನು ಪೆಟ್ಗೆ ಒಳೀಕೆ ಏನಿಟ್ನೋ ನಂಗೇನ್ ಗೊತ್ತು? ಅದ್ಕೇ ಅವತ್ತು ಬಾಯಿ ಬರ್ಲಿಲ್ಲ. ಆಯಮ್ಮನ್ನ ನಾನೇ ಸಾಯಿಸ್ದೆ ಅಂತಾನೇ ಇಷ್ಟು ದಿನ ಉಂಡಿವ್ನಿ, ಮಲಗಿವ್ನಿ." ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ಅಳುತ್ತಲೇ ಒಳಕ್ಕೆ ಕೂಗಿದ, "ಲೇ ಸಾಕಿ, ಕೇಳುಸ್ಕಂಡಾ? ಅಸಲೀದಂತೆ ಕಣೇ. ನಂದಲ್ವಂತೆ."

ಅವನ ಹೆಂಡತಿ ಸಾಕಮ್ಮ ಆಗಲೇ ಬಾಗಿಲಿಗೆ ಬಂದು ನಿಂತಿದ್ದಳು. ಗಂಡನ ಕಡೆ ನೋಡಲಿಲ್ಲ. ಚಿಕ್ಕಪ್ಪನನ್ನೇ ನೋಡುತ್ತಿದ್ದಳು. ನೀರು ಬೇಕೇ ಎಂದು ಕೇಳಲಿಲ್ಲ.

"ಅವತ್ತು ಬೀದೀಲಿ ನಿಂತ್ಕಂಡು ಕೂಗಿದ್ರಿ" ಎಂದಳು. "ಇವತ್ತು ನಮ್ಮನೆ ಬಾಗ್ಲಿಗ್ ಬಂದು ಪಿಸುಗುಟ್ಟಿದ್ರೆ ಆಯ್ತಾ? ಓಗಿ. ಅಲ್ಲೇ ನಿಂತ್ಕಂಡು ಏಳಿ."

"ಸುಮ್ಕಿರೇ, ದೊಡ್ಡೋರು" ಎಂದ ಜಯಣ್ಣ.

"ಹೇಳ್ತೀನಮ್ಮ" ಎಂದ ಚಿಕ್ಕಪ್ಪ.

ಹಾಸನಕ್ಕೆ ಬಂದು ಅಲ್ಲಿಂದ ಚನ್ನರಾಯಪಟ್ಟಣದ ಬಸ್ಸು ಹಿಡಿದೆವು. ನಾಳೆ ಹೋಗೋಣವೆಂದರೂ ಚಿಕ್ಕಪ್ಪ ಕೇಳಲಿಲ್ಲ. ಅಂಗಡಿಯಿದ್ದ ಜಾಗದಲ್ಲಿ ಬೇಕರಿಯಾಗಿತ್ತು. ಸಾಯಂಕಾಲದ ಬಿಸಿಲು, ಆಫೀಸು ಬಿಟ್ಟ ಜನ, ಪಫ್ ತಿನ್ನುವ ಕಾಲೇಜು ಹುಡುಗಿಯರು. ಚಿಕ್ಕಪ್ಪ ರಸ್ತೆಯ ಅಂಚಿನಲ್ಲಿ ನಿಂತು ಗಂಟಲು ಸರಿಮಾಡಿಕೊಂಡ. "ಇಲ್ಲಿ ಆಟೋ ಸ್ಪೇರ್ಸ್ ಇಟ್ಟಿದ್ದ ಜಯಣ್ಣ ಒಳ್ಳೆ ಮನುಷ್ಯ. ಅವನು ಯಾರಿಗೂ ಮೋಸ ಮಾಡಲಿಲ್ಲ. ಸುಳ್ಳು ಹೇಳಿದ್ದು ನಾನು." ಆವತ್ತಿನ ಗಂಟಲು ಈಗ ಉಳಿದಿರಲಿಲ್ಲ. ಬಸ್ಸುಗಳ ಹಾರ್ನಿನಲ್ಲಿ ಅರ್ಧ ಮಾತು ಮುಳುಗಿತು. ಅವನು ಮತ್ತೆ ಹೇಳಿದ. ಹುಡುಗಿಯರು ಒಬ್ಬರನ್ನೊಬ್ಬರು ನೋಡಿ ದೂರ ಸರಿದರು. ಯಾರೋ ಒಬ್ಬರು ನಿಂತು, "ಯಾವ ಜಯಣ್ಣ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದರು. ಬೇಕರಿಯವನು ಹೊರಗೆ ಬಂದು, "ಸ್ವಾಮಿ, ಗಿರಾಕಿ ಬರೋ ಟೈಮು. ವಸಿ ಅತ್ಲಾಗ್ ನಿಂತ್ಕಳಿ" ಎಂದ. ಸಿಟ್ಟಿನಿಂದಲ್ಲ, ಮರ್ಯಾದೆಯಿಂದಲೇ ಹೇಳಿದ. ನಾನು ಚಿಕ್ಕಪ್ಪನ ತೋಳು ಹಿಡಿದು, "ಸಾಕು ಬಾ" ಎಂದೆ.

ಹೊಳೆನರಸೀಪುರದ ಬಸ್ಸಿನಲ್ಲಿ ಸೀಟು ಸಿಕ್ಕಿತು. ಊರು ದಾಟಿ ತೆಂಗಿನ ತೋಟಗಳು ಶುರುವಾದವು. ಚಿಕ್ಕಪ್ಪ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಇನ್ನಾದರೂ ಅವನ ಮನಸ್ಸು ಒಂದಿಷ್ಟು ಹಗುರಾಗಿರಬಹುದು ಅಂದುಕೊಂಡೆ. ಹಾಗೆ ಏನೋ ಸಮಾಧಾನ ಹೇಳಲೂ ಹೊರಟೆ. "ಗೊತ್ತಿಲ್ಲದೆ ಆಗಿದ್ದಲ್ವಾ ಚಿಕ್ಕಪ್ಪ. ಹೋಸ್ ತಿರುಚಿದೆ ಅಂತ ನಿನಗಾದರೂ ಹೇಗೆ ಗೊತ್ತಾಗಬೇಕು?"

ಅವನು ಕಿಟಕಿಗೇ ಹೇಳುವ ಹಾಗೆ ಹೇಳಿದ.

"ಅವಳು ಹೇಳಿದ್ದಳು ಕಣೇ. ಮಲ್ಲಿಪಟ್ಟಣಕ್ಕೆ ಹೋಗುವಾಗಲೇ ಹೇಳಿದಳು. ತಿರುವು ಬಂದಾಗೆಲ್ಲ ಚಕ್ರದ ಹತ್ತಿರ ಏನೋ ಉಜ್ಜಿದ ಹಾಗೆ ಸದ್ದು ಬರುತ್ತೆ, ಒಂದು ಸಲ ಇಳಿದು ನೋಡಿ ಅಂತ. ನಾನು ಟೇಪ್‌ರೆಕಾರ್ಡರ್ ಸದ್ದು ಜಾಸ್ತಿ ಮಾಡಿದೆ."

ಹೊಳೆನರಸೀಪುರ ಬಂದಾಗ ಅವನು ಏಳಲಿಲ್ಲ. ಬಸ್ಸು ಖಾಲಿಯಾಗಿ, ಕಂಡಕ್ಟರು ಬಂದು "ಇಳೀರಿ ಯಜಮಾನ್ರೇ" ಎನ್ನುವವರೆಗೂ ಹಾಗೇ ಕೂತಿದ್ದ.